ಮರ ಆಗು, ಆಮೆ ಆಗು: ನಾಯಿಯ ಹತ್ತಿರ ಹೇಗಿರಬೇಕು ಅಂತ ಮಕ್ಕಳಿಗೆ ಕಲಿಸುವುದು

ಮಗಳಿಗೆ ಆಗ ಆರು ವರ್ಷ. ಭಾನುವಾರ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಅವಳ ಬಲಗೈ ಮಣಿಕಟ್ಟಿನ ಹತ್ತಿರ ಎರಡು ಸಣ್ಣ ಗೆರೆ ಕಂಡವು. ಮೇಲೆ ಹಕ್ಕಳೆ ಕಟ್ಟಿತ್ತು. "ಏನೇ ಇದು?" ಅಂದೆ. "ಗೋಡೆಗೆ ತರಚಿತಮ್ಮ" ಅಂದಳು. ಅನ್ನುವಾಗ ಕಣ್ಣು ನನ್ನ ಕಡೆ ಇರಲಿಲ್ಲ.

ರಾತ್ರಿ ಮಲಗುವಾಗ ಮೆತ್ತಗೆ ಕೇಳಿದೆ. ಆಗ ಹೊರಗೆ ಬಂತು. ನಮ್ಮ ಹಿಂದಿನ ಬೀದಿಯಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಮನೆಯೊಂದಿದೆ. ಅಲ್ಲಿನ ಮರಳಿನ ರಾಶಿಯ ಮೇಲೆ ಬೀದಿನಾಯಿಯೊಂದು ಮರಿ ಹಾಕಿತ್ತು. ಒಂದು ಮರಿಯನ್ನು ಎತ್ತಿಕೊಳ್ಳಲು ಹೋಗಿದ್ದಾಳೆ, ಅದು ಹಲ್ಲು ತಾಗಿಸಿದೆ. ಅದಾಗಿ ಆಗಲೇ ಮೂರು ದಿನ ಕಳೆದಿತ್ತು. "ಯಾಕೆ ಹೇಳಲಿಲ್ಲ ಪುಟ್ಟಾ?" ಅಂದರೆ, "ನೀನು ಬಯ್ತೀಯ ಅಂತ. ಆಮೇಲೆ ಹೊಕ್ಕುಳ ಸುತ್ತ 14 ಸೂಜಿ ಚುಚ್ಚುತ್ತಾರಂತೆ" ಅಂದಳು.

ಆ ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಎಲ್ಲ ಇಂಜೆಕ್ಷನ್ ಮುಗಿಸಿ ಈಗ ಚೆನ್ನಾಗಿದ್ದಾಳೆ. ಆದರೆ ಆ ಮೂರು ದಿನವನ್ನು ನಾನು ಇವತ್ತಿಗೂ ಮರೆತಿಲ್ಲ. ಅವಳು ನಾಯಿಗೆ ಹೆದರಿರಲಿಲ್ಲ, ನನಗೆ ಹೆದರಿದ್ದಳು.

ರೇಬೀಸ್ ಅಂದರೆ ಹುಚ್ಚುನಾಯಿ ರೋಗ. ಅದರ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸಿಕೊಳ್ಳುವುದು ಸಾಧ್ಯವಿಲ್ಲ ಅಂತಲೇ ಹೇಳಬೇಕು. ಲಕ್ಷಣ ಬರುವ ಮೊದಲು ಸರಿಯಾಗಿ ಲಸಿಕೆ ಕೊಡಿಸಿದರೆ ಅದನ್ನು ತಡೆಯಬಹುದು. ರೇಬೀಸ್ ಶಂಕೆ ಇರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವ 100 ಜನರಲ್ಲಿ 40 ಮಂದಿ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳು ಕುಳ್ಳಗಿರುತ್ತಾರೆ, ಹಾಗಾಗಿ ಅವರಿಗೆ ಮುಖ, ತಲೆ, ಕುತ್ತಿಗೆಗೇ ಕಚ್ಚುವುದು ಜಾಸ್ತಿ. ಅಲ್ಲಿಂದ ಮೆದುಳು ಹತ್ತಿರ. ಅದಕ್ಕೇ ಹೀಗೆ ಕಚ್ಚಿದರೆ ಒಂದು ಗಂಟೆಯನ್ನೂ ಕಳೆಯುವ ಹಾಗಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ, ಆಮೇಲೆ ಬೀದಿಯ ಮಕ್ಕಳಿಗೆಲ್ಲ, ನಾನು ಕಲಿಸುತ್ತಾ ಬಂದದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ದೊಡ್ಡವರ ಮಾತು ಸರಿಯಾಗಲಿ

"ಬೇಗ ತಿನ್ನು, ಇಲ್ಲದಿದ್ರೆ ನಾಯಿ ಕರೀತೀನಿ ನೋಡು." ಈ ಮಾತು ಯಾವ ಮನೆಯಲ್ಲಿಲ್ಲ ಹೇಳಿ? ಇದನ್ನು ಕೇಳಿ ಬೆಳೆದ ಮಗು ನಾಯಿ ಕಂಡ ತಕ್ಷಣ ಕಿರುಚಿಕೊಂಡು ಓಡುತ್ತದೆ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ.

ಇನ್ನೊಂದು ಅಭ್ಯಾಸ ಇದಕ್ಕೆ ಪೂರ್ತಿ ತಿರುಗುಮುರುಗು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಗೆ ಬಂದು, "ಬೌ ಬೌ ನೋಡು, ಬೌ ಬೌಗೆ ಒಂದು ತುತ್ತು" ಅಂತ ಅನ್ನ ಎಸೆಯುತ್ತಾ ಊಟ ಮಾಡಿಸುತ್ತೇವೆ. ನೋಡಲು ಚೆಂದ. ಆದರೆ ತಿಂಡಿ ಹಿಡಿದುಕೊಂಡು ನಾಯಿಯ ಹತ್ತಿರ ಹೋಗುವುದು ಒಂದು ಆಟ ಅಂತ ಮಗು ಕಲಿಯುತ್ತದೆ. ಮಗುವಿನ ಕೈಯಲ್ಲಿ ಯಾವಾಗಲೂ ತಿಂಡಿ ಇರುತ್ತದೆ ಅಂತ ಆ ನಾಯಿಯೂ ಕಲಿಯುತ್ತದೆ. ನಾಲ್ಕು ವರ್ಷದ ಮಗು ಬಿಸ್ಕತ್ತು ಹಿಡಿದು ಒಂಟಿಯಾಗಿ ಗೇಟಿನಾಚೆ ಬಂದ ದಿನ ಏನಾಗಬಹುದು ಅಂತ ಯೋಚಿಸಿ.

ಮೂರನೆಯದು ಕಲ್ಲು. ನಾಯಿ ಕಂಡರೆ ಕಲ್ಲಿಲ್ಲ, ಕಲ್ಲು ಕಂಡರೆ ನಾಯಿಯಿಲ್ಲ ಅಂತ ನಮ್ಮಲ್ಲಿ ಗಾದೆಯೇ ಇದೆ. ನಾಯಿಗೆ ಕಲ್ಲು ಹೊಡೆಯುವುದು ಅಷ್ಟು ಸಹಜ ಅನ್ನಿಸಿಬಿಟ್ಟಿದೆ ನಮಗೆ. ಹೊಡೆದ ಹುಡುಗ ಓಡಿಹೋಗುತ್ತಾನೆ. ಅದೇ ನಾಯಿಯ ಎದುರು ಆಮೇಲೆ ಬೇರೆ ಯಾರದೋ ಮಗು ಬರುತ್ತದೆ. ಕಲ್ಲು ಎತ್ತಲು ಬಗ್ಗಿದಾಗ ಮಗುವಿನ ಮುಖ ನಾಯಿಯ ಬಾಯಿಯ ಮಟ್ಟಕ್ಕೆ ಬರುತ್ತದೆ ಅನ್ನುವುದನ್ನೂ ನೆನಪಿಡಿ.

ಈ ಮೂರನ್ನೂ ನಾವು ದೊಡ್ಡವರು ಬಿಡಬೇಕು. ಇದಾಗದೆ ಮುಂದಿನದ್ದು ಯಾವುದೂ ಮಕ್ಕಳಿಗೆ ಹತ್ತುವುದಿಲ್ಲ.

2. ದೂರದಿಂದ ನೋಡುವ ಆಟ

ಮುಟ್ಟಲು ಕಲಿಸುವ ಮೊದಲು ನೋಡಲು ಕಲಿಸಿ. ಬಾಲ್ಕನಿ, ತಾರಸಿ, ಗೇಟಿನ ಒಳಗೆ, ಎಲ್ಲಾದರೂ ಸರಿ. ದಿನಕ್ಕೆ ಐದು ನಿಮಿಷ ಸಾಕು. "ಆ ಕೆಂದು ನಾಯಿಗೆ ಈಗ ಹೇಗನ್ನಿಸುತ್ತಿದೆ ಹೇಳು ನೋಡೋಣ" ಅಂತ ಕೇಳಿ. ಮಕ್ಕಳಿಗೆ ಇದು ಎಷ್ಟು ಇಷ್ಟವಾಗುತ್ತದೆ ಅಂದರೆ, ಆಮೇಲೆ ಅವರೇ ನಿಮಗೆ ಹೇಳಿಕೊಡಲು ಶುರು ಮಾಡುತ್ತಾರೆ.

ಏನು ನೋಡಬೇಕು ಅಂತ ಹೇಳಲು ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ನೆಂಟರ ಮನೆಯಲ್ಲಿ ಒಂದು ಮಧ್ಯಾಹ್ನ. ಅವರ ನಾಯಿ ಕೆಂಚ ಜಗಲಿಯ ಮೇಲೆ ಮಲಗಿತ್ತು. ತುಂಬಾ ಸಾಧು. ಎರಡೂವರೆ ವರ್ಷದ ಮಗು ಹೋಗಿ ಅದರ ಕುತ್ತಿಗೆ ತಬ್ಬಿಕೊಂಡಿತು. ಎಲ್ಲರೂ "ಎಷ್ಟು ಮುದ್ದಾಗಿದೆ ಅಲ್ವಾ" ಅಂತ ಮೊಬೈಲ್ ತೆಗೆದರು. ಕೆಂಚ ಮೊದಲು ಮುಖವನ್ನು ಆಚೆ ತಿರುಗಿಸಿತು. ನಾಲಿಗೆ ಹೊರಗೆ ಹಾಕಿ ಮೂಗು ನೆಕ್ಕಿಕೊಂಡಿತು. ಆಮೇಲೆ ಒಂದು ದೊಡ್ಡ ಆಕಳಿಕೆ. ಮಗು ಬಿಡಲಿಲ್ಲ. ಕೆಂಚನ ಬಾಯಿ ಮುಚ್ಚಿಕೊಂಡಿತು, ಮೈ ಬಿಗಿಯಾಯಿತು. ತಲೆ ಅಲ್ಲಾಡಿಸದೆ ಕಣ್ಣನ್ನಷ್ಟೇ ಮಗುವಿನ ಕಡೆ ಹೊರಳಿಸಿತು. ಕಣ್ಣಿನ ಬಿಳಿಭಾಗ ಅರ್ಧಚಂದ್ರದ ಹಾಗೆ ಕಂಡಿತು. ಕೊನೆಗೆ "ಗುರ್ರ್" ಅಂತು. ಆಗ ಮಗುವನ್ನು ಎಳೆದುಕೊಂಡು, ಕೆಂಚನಿಗೆ ಪೊರಕೆಯಲ್ಲಿ ಎರಡು ಬಾರಿಸಿದರು.

ಅಷ್ಟು ಹೊತ್ತಿನಲ್ಲಿ ಆ ನಾಯಿ ಐದಾರು ಸಲ "ಸಾಕು, ಬಿಡು" ಅಂದಿತ್ತು. ಮುಖ ತಿರುಗಿಸುವುದು, ನಿದ್ದೆ ಬಾರದೆಯೂ ಆಕಳಿಸುವುದು, ತಿಂಡಿ ಇಲ್ಲದೆಯೂ ಮೂಗು ನೆಕ್ಕಿಕೊಳ್ಳುವುದು, ಕಿವಿಯನ್ನು ಹಿಂದಕ್ಕೆ ಒತ್ತುವುದು, ಬಾಲವನ್ನು ಕಾಲಿನ ಸಂದಿಗೆ ಸೇರಿಸುವುದು, ಮರಗಟ್ಟಿದ ಹಾಗೆ ನಿಲ್ಲುವುದು ಎಲ್ಲವೂ ಅದರ ಮಾತು. ಗುರುಗುಟ್ಟುವುದು ಬಹುತೇಕ ಕೊನೆಯ ಮಾತು. ಅದಕ್ಕೆ ಹೊಡೆದರೆ ಮುಂದಿನ ಸಲ ಗುರುಗುಟ್ಟದೆ ನೇರವಾಗಿ ಬಾಯಿ ಹಾಕಬಹುದು. ಆ ದಿನ ಕೆಂಚನಿಗೆ ಹೊಡೆಯುವ ಬದಲು ಮಗುವನ್ನು ಮೆಲ್ಲಗೆ ಈಚೆ ತಂದು, ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು.

ಎರಡು ಮಾತುಗಳನ್ನು ಮಕ್ಕಳ ತಲೆಯಿಂದ ತೆಗೆಯಬೇಕು. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವುದು ಒಂದು. ಕಚ್ಚುತ್ತದೆ. ಬೊಗಳುವ ನಾಯಿ "ಹತ್ತಿರ ಬರಬೇಡ" ಅನ್ನುತ್ತಿರುತ್ತದೆ, ಅಷ್ಟೇ. ಬಾಲ ಅಲ್ಲಾಡಿಸಿದರೆ ಖುಷಿಯಾಗಿದೆ ಅನ್ನುವುದು ಇನ್ನೊಂದು. ಸೊಂಟದ ಸಮೇತ ಇಡೀ ಮೈ ಬಳುಕಿಸುತ್ತಾ, ಬಾಯಿ ಸಡಿಲ ಬಿಟ್ಟುಕೊಂಡು ಬಾಲ ಆಡಿಸಿದರೆ ಹೌದು, ಖುಷಿ. ಬಾಲವನ್ನು ನೆಟ್ಟಗೆ ಮೇಲೆತ್ತಿ, ಮೈ ಬಿಗಿ ಹಿಡಿದು, ತುದಿಯನ್ನು ಮಾತ್ರ ಪಟಪಟ ಅಂತ ಆಡಿಸಿದರೆ ಅದು ಎಚ್ಚರಿಕೆ. "ಬಾಲ ಮಾತ್ರ ನೋಡಬೇಡ, ಪೂರ್ತಿ ನಾಯಿ ನೋಡು" ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

3. ಹತ್ತಿರ ಹೋಗಲೇಬಾರದ ಹೊತ್ತು

ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಇರುವ ನಾಯಿ, ಕಟ್ಟಿಹಾಕಿದ ನಾಯಿ. ನಮ್ಮ ಮನೆಯಲ್ಲಿ ಇವುಗಳ ಹೆಸರು "ನಾಲ್ಕು ಬೇಡ". ಬೆರಳು ಮಡಚಿ ಹೇಳಿಸುತ್ತೇನೆ. ಗಾಯವಾದ ನಾಯಿ, ಜಗಳವಾಡುವ ನಾಯಿ, ಗೇಟಿನ ಒಳಗಿಂದ ಮೂಗು ತೂರಿಸುವ ನಾಯಿ, ಕಾರಿನ ಕಿಟಕಿಯಲ್ಲಿರುವ ನಾಯಿಗಳನ್ನು ಮಗು ದೊಡ್ಡದಾದ ಹಾಗೆ ಸೇರಿಸುತ್ತಾ ಹೋಗಿ. ಕಟ್ಟಿಹಾಕಿದ ನಾಯಿಯ ಬಗ್ಗೆ ಮಕ್ಕಳಿಗೆ ಆಶ್ಚರ್ಯವಾಗುತ್ತದೆ. ಕಟ್ಟಿದೆಯಲ್ಲ, ಏನೂ ಮಾಡಲ್ಲ ಅಂದುಕೊಳ್ಳುತ್ತಾರೆ. ಹೆದರಿಕೆಯಾದರೆ ಬಿಟ್ಟ ನಾಯಿ ಓಡಿಹೋಗಬಹುದು, ಕಟ್ಟಿದ ನಾಯಿಗೆ ಆ ದಾರಿಯಿಲ್ಲ. ಹೀಗೆ ಕಾರಣ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ವರ್ಷದಲ್ಲಿ ಕೆಲವು ತಿಂಗಳು ಜಾಸ್ತಿ ಜಾಗ್ರತೆ ಬೇಕು. ಕಾರ್ತಿಕ ಮಾಸ ಅಂದರೆ ನಾಯಿಗಳು ಕೂಡುವ ಕಾಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಗಂಡುನಾಯಿಗಳು ಗುಂಪು ಕಟ್ಟಿಕೊಂಡು ಕಚ್ಚಾಡುತ್ತಾ ತಿರುಗುತ್ತವೆ. ಅದರ ಹಿಂದೆ ಮುಂದೆಯೇ ದೀಪಾವಳಿಯ ಪಟಾಕಿ. ಸದ್ದಿಗೆ ಕಂಗಾಲಾಗಿ ಕಾರಿನ ಅಡಿ ಸೇರಿದ ನಾಯಿಯ ಹತ್ತಿರ ಮಕ್ಕಳು ಸುರ್‌ಸುರ್‌ಬತ್ತಿ ಹಿಡಿದು ಓಡಾಡುತ್ತಿರುತ್ತಾರೆ. ನಾಯಿ ಬಸಿರು ಹೊರುವುದು ಸುಮಾರು 63 ದಿನ. ಲೆಕ್ಕ ಹಾಕಿದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಎಲ್ಲ ಮೋರಿ, ಮರಳಿನ ರಾಶಿ, ಖಾಲಿ ಸೈಟಿನಲ್ಲೂ ಮರಿಗಳು. ಮಕ್ಕಳನ್ನು ಮರಿಗಳಿಂದ ತಡೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. "ಮರಿಯ ಅಮ್ಮ ಎಲ್ಲೋ ನಿಂತು ನೋಡುತ್ತಿದ್ದಾಳೆ" ಅನ್ನುವ ಒಂದು ಮಾತು ನನ್ನ ಮಗಳಿಗೆ ನಾಟಿತು. ಮರಿಯ ಕಚ್ಚು, ಪರಚುವಿಕೆಯಿಂದಲೂ ರೇಬೀಸ್ ಬರಬಹುದು. ಮರಿ ಚಿಕ್ಕದು ಅಂತ ರೋಗ ಚಿಕ್ಕದಾಗುವುದಿಲ್ಲ.

ಕಿವಿಯ ತುದಿಯಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತಿದ್ದರೆ ಆ ಬೀದಿನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿದೆ, ಆಗ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ ಅಂತ ಅರ್ಥ. ಆದರೆ ಆ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಬೇಕು. ಗುರುತು ನೋಡಿ ಮುಟ್ಟಲು ಬಿಡಬೇಡಿ.

4. ಕೇಳು, ಕಾಯು, ಮುಟ್ಟು

ಇದು ಸಾಕಿದ ನಾಯಿಗಳಿಗೆ ಮಾತ್ರ. ಬೀದಿನಾಯಿಯನ್ನು ಮಕ್ಕಳು ಒಂಟಿಯಾಗಿ ಮುಟ್ಟುವುದೇ ಬೇಡ.

ಮೊದಲು ಯಜಮಾನರನ್ನು ಕೇಳಬೇಕು. "ಆಂಟಿ, ನಿಮ್ಮ ನಾಯಿಯನ್ನ ಮುಟ್ಟಬಹುದಾ?" ಅವರು ಬೇಡ ಅಂದರೆ "ಸರಿ ಆಂಟಿ" ಅಂದು ಹೊರಡಬೇಕು. ಮನೆಯಲ್ಲಿ ಬೊಂಬೆ ಇಟ್ಟುಕೊಂಡು ಇದನ್ನು ಆಡಿಸಿ. ಐದರಲ್ಲಿ ಎರಡು ಸಲ ನೀವು ಬೇಕಂತಲೇ "ಬೇಡ ಪುಟ್ಟಾ" ಅನ್ನಿ. ಬೇಡ ಅನ್ನಿಸಿಕೊಂಡೂ ಅಭ್ಯಾಸ ಆಗಬೇಕು.

ಆಮೇಲೆ ನಾಯಿಯನ್ನು ಕೇಳಬೇಕು. ಅದರ ಎದುರಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ತಿರುಗಿ, ಕೈ ಕೆಳಗೆ ಬಿಟ್ಟು ಸುಮ್ನೆ ನಿಲ್ಲುವುದು. ಮುಷ್ಟಿಯನ್ನು ಅದರ ಮೂಗಿನ ಹತ್ತಿರ ಒಡ್ಡುವುದು ಬೇಡ. ನಾಯಿಗೆ ದೂರದಿಂದಲೇ ವಾಸನೆ ಸಿಗುತ್ತದೆ. ಬೇಕು ಅನ್ನಿಸಿದರೆ ಅದೇ ಹತ್ತಿರ ಬರುತ್ತದೆ. ಬರಲಿಲ್ಲ ಅಂದರೆ ಉತ್ತರ ಸಿಕ್ಕಿತು.

ಬಂದರೆ, ಎದೆಯ ಮೇಲೆ ಅಥವಾ ಭುಜದ ಪಕ್ಕದಲ್ಲಿ, ಕೂದಲು ಮಲಗಿದ ದಿಕ್ಕಿನಲ್ಲಿ ಸವರಬೇಕು. ಒಂದು, ಎರಡು, ಮೂರು ಅಂತ ಎಣಿಸಿ ಕೈ ತೆಗೆಯಬೇಕು. ನಾಯಿ ಇನ್ನೂ ಒತ್ತಿಕೊಂಡು ಬಂದರೆ ಮತ್ತೆ ಮೂರು ಎಣಿಕೆ. ಅಲ್ಲೇ ನಿಂತರೆ, ಮೈ ಕೊಡವಿಕೊಂಡರೆ, ಆಚೆ ಹೋದರೆ ಅಲ್ಲಿಗೆ ಮುಗಿಯಿತು. ತಲೆಯ ಮೇಲಿಂದ ಕೈ ತರುವುದು, ತಬ್ಬುವುದು, ಮುತ್ತು ಕೊಡುವುದು, ಬಾಲ ಕಿವಿ ಎಳೆಯುವುದು, ಮೇಲೆ ಕೂರುವುದು ಬೇಡ. ತಬ್ಬಿಕೊಳ್ಳುವುದು ನಮಗೆ ಪ್ರೀತಿ. ನಾಯಿಗೆ ಅದು ಅಲುಗಾಡದಂತೆ ಹಿಡಿದಿಟ್ಟ ಹಾಗೆ.

5. ಮರ ಆಗು, ಆಮೆ ಆಗು

ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಮೈಗೆ ಬರಬೇಕು. ತಾರಸಿಯಲ್ಲಿ ಮಕ್ಕಳನ್ನು ಸೇರಿಸಿ. ಎಲ್ಲರೂ ಓಡಾಡಲಿ. ನೀವು "ನಾಯಿ ಬಂತು!" ಅಂದ ತಕ್ಷಣ ಎಲ್ಲರೂ ಮರವಾಗಬೇಕು. ಎರಡು ಕಾಲೂ ಬೇರು, ಅಲುಗಾಡಬಾರದು. ಕೈಗಳು ಕೊಂಬೆ, ಮುಂದೆ ಜೋಡಿಸಿ ಮೈಗೆ ಅಂಟಿಸಿಕೊಳ್ಳಬೇಕು. ಕಣ್ಣು ತನ್ನದೇ ಹೆಬ್ಬೆರಳಿನ ಮೇಲೆ, ನಾಯಿಯ ಕಣ್ಣಿನ ಮೇಲಲ್ಲ. ಬಾಯಿ ಮುಚ್ಚಿರಬೇಕು. ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳಲಿ, ಎರಡರ ಮಗ್ಗಿ ಸಾಕು. ಆಡಿಸಲು ಏನೂ ಸಿಗದ ನಾಯಿ ಮೂಸಿ ನೋಡಿ ಹೋಗುವುದೇ ಹೆಚ್ಚು. ಅದು ದೂರ ಸರಿದ ಮೇಲೆ, ಬೆನ್ನು ತೋರಿಸದೆ, ಅಡ್ಡಡ್ಡ ಹೆಜ್ಜೆ ಇಡುತ್ತಾ ಮೆಲ್ಲಗೆ ಹೊರಡಬೇಕು.

ಬಿದ್ದುಬಿಟ್ಟರೆ, ಅಥವಾ ನಾಯಿ ಕೆಡವಿದರೆ, ಆಮೆ. ಮಂಡಿ ಮಡಚಿ ಹೊಟ್ಟೆಗೆ ಒತ್ತಿ, ಮುಖವನ್ನು ಒಳಗೆ ಸೇರಿಸಿ, ಬೆರಳುಗಳನ್ನು ಕುತ್ತಿಗೆಯ ಹಿಂದೆ ಹೆಣೆದು, ಮೊಣಕೈಗಳಿಂದ ಕಿವಿ ಮುಚ್ಚಿಕೊಳ್ಳಬೇಕು. ಮುಖ, ಗಂಟಲು, ಕಿವಿ ಚಿಪ್ಪಿನ ಒಳಗೆ. ಹೆಗಲಲ್ಲಿ ಸ್ಕೂಲ್ ಬ್ಯಾಗ್ ಇದ್ದರೆ ಅದೇ ಚಿಪ್ಪು. ಮಕ್ಕಳು ನಗುತ್ತಾ ಉರುಳುತ್ತಾರೆ, ಉರುಳಲಿ. ಆಡುತ್ತಾ ಬಂದದ್ದೇ ಹೆದರಿದಾಗ ನೆನಪಿಗೆ ಬರುವುದು.

ಆ ಘಟನೆಯಾಗಿ ಎರಡು ವರ್ಷದ ಮೇಲೆ, ಟ್ಯೂಷನ್‌ನಿಂದ ಬರುವಾಗ ಕೋಳಿ ಅಂಗಡಿಯ ಹತ್ತಿರ ಮೂರು ನಾಯಿ ಮಗಳ ಕಡೆ ಬೊಗಳುತ್ತಾ ಬಂದವಂತೆ. ಮೊದಲಾಗಿದ್ದರೆ ಓಡುತ್ತಿದ್ದಳು. ಅವಳು ಬ್ಯಾಗನ್ನು ಮುಂದಕ್ಕೆ ತಂದು ಹಿಡಿದು ನಿಂತಳು. "ಎರಡು ಏಳಲಿ ಹದಿನಾಲ್ಕು ಅನ್ನೋ ಹೊತ್ತಿಗೆ ಹೋದ್ವಮ್ಮ" ಅಂದಳು. ನನಗೆ ಕೈ ನಡುಗುತ್ತಿತ್ತು, ಅವಳು ನೀರು ಕುಡಿಯುತ್ತಿದ್ದಳು.

ಸೈಕಲ್ ಹೊಡೆಯುವ ಮಕ್ಕಳಿಗೆ ಬೇರೆ ಪಾಠ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬಾರದು. ವೇಗ ಕಡಿಮೆ ಮಾಡಿ, ನಿಲ್ಲಿಸಿ, ಇಳಿದು, ತನಗೂ ನಾಯಿಗೂ ನಡುವೆ ಸೈಕಲ್ ಇಟ್ಟುಕೊಂಡು ಮರವಾಗಬೇಕು. ಚಕ್ರ ನಿಂತ ಮೇಲೆ ಎಷ್ಟೋ ನಾಯಿಗಳಿಗೆ ಆಸಕ್ತಿಯೇ ಹೋಗುತ್ತದೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಮರವಾಗಿ ನಿಲ್ಲುವುದು ಕಷ್ಟ. ಅವರ ಜೊತೆ ನೀವಿರಬೇಕು. ನಾಯಿ ಹತ್ತಿರ ಬಂದರೆ ಮಗುವನ್ನು ನಿಮ್ಮ ಹಿಂದೆ ಮಾಡಿಕೊಂಡು, ನೀವು ಅಡ್ಡ ನಿಲ್ಲಿ.

ಬೀದಿಯಲ್ಲಿ ನಾಯಿಗಳು ಗುಂಪಾಗಿ ಇರುವ ಜಾಗ ಯಾವುದು, ಯಾವ ಹೊತ್ತಿಗೆ ಜಾಸ್ತಿ ಅಂತ ಮಗುವಿನ ಜೊತೆ ಒಂದು ಸಲ ನಡೆದು ನೋಡಿ. ಶಾಲೆಗೆ ಹೋಗುವ ದಾರಿಯನ್ನು ಅದಕ್ಕೆ ತಕ್ಕ ಹಾಗೆ ಬದಲಿಸಿ.

6. ಮನೆಯಲ್ಲೇ ನಾಯಿ ಇದ್ದರೆ

ಐದಾರು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಆಚೆ ಹೋಗಬೇಡಿ. ಹಾಲು ಉಕ್ಕಿತು ಅಂತ ಎದ್ದರೂ ಮಗುವನ್ನೋ ನಾಯಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. "ನಮ್ಮ ನಾಯಿ ಏನೂ ಮಾಡಲ್ಲ" ಅನ್ನುವ ಮನೆಗಳಲ್ಲೇ ಎಷ್ಟೋ ಅನಾಹುತ ಆಗಿವೆ.

ನಾಯಿಗೆ ತನ್ನದೇ ಒಂದು ಮೂಲೆ ಇರಲಿ. ಗೋಣಿಚೀಲವೋ ಹಾಸಿಗೆಯೋ, ಅಲ್ಲಿಗೆ ಹೋಗಿ ಮಲಗಿತು ಅಂದರೆ ಯಾರೂ ಮುಟ್ಟುವ ಹಾಗಿಲ್ಲ. ತಟ್ಟೆಯಿಂದ ಊಟ ಕಿತ್ತುಕೊಂಡು "ಏನು ಮಾಡುತ್ತೆ ನೋಡೋಣ" ಅಂತ ಪರೀಕ್ಷೆ ಮಾಡುವುದು ಬೇಡವೇ ಬೇಡ. ನಾಯಿಯ ಬಾಯಲ್ಲಿ ಮಗುವಿನ ಚಪ್ಪಲಿ ಇದ್ದರೂ ಮಗು ಎಳೆಯಬಾರದು, ದೊಡ್ಡವರನ್ನು ಕರೆಯಬೇಕು.

ಜಾತಿಗೆ ತಕ್ಕ ಗುಣವನ್ನೂ ತಿಳಿದುಕೊಳ್ಳಿ. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿ ಬೇಟೆಗೆ ಹೆಸರಾದದ್ದು. ದೂರದಲ್ಲಿ ಓಡುವುದನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಅದನ್ನು ಸಾಕಿದ ಮನೆಯಲ್ಲಿ ಮಕ್ಕಳು ಅದರ ಎದುರು ಓಟದ ಆಟ ಆಡದಿದ್ದರೆ ಒಳ್ಳೆಯದು. ಇದು ನಾಯಿಯ ಮೇಲಿನ ದೂರಲ್ಲ. ನನಗೆ ಆ ನಾಯಿ ಎಂದರೆ ತುಂಬಾ ಹೆಮ್ಮೆ.

ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಬೂಸ್ಟರ್, ನಂತರ ವರ್ಷಕ್ಕೊಮ್ಮೆ. ಹಳ್ಳಿಯ ಪಶು ಆಸ್ಪತ್ರೆಯಲ್ಲೂ ಕೇಳಿ ನೋಡಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಅನೇಕ ಕಡೆ ಉಚಿತವಾಗಿ ಹಾಕುತ್ತಾರೆ.

7. ಕಚ್ಚಿದರೆ ಬಯ್ಯುವುದಿಲ್ಲ ಅಂತ ಮಾತು ಕೊಡಿ

ಇದನ್ನು ಇವತ್ತೇ ಮಾಡಿ. ಮಗುವನ್ನು ಕೂರಿಸಿಕೊಂಡು ಹೇಳಿ: "ನಾಯಿ ಕಚ್ಚಿದರೂ, ಪರಚಿದರೂ, ಗಾಯ ನೆಕ್ಕಿದರೂ ಓಡಿಬಂದು ಹೇಳು. ತಪ್ಪು ನಿನ್ನದೇ ಆಗಿದ್ದರೂ ನಾನು ಬಯ್ಯಲ್ಲ, ಹೊಡೆಯಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವ ಹೆದರಿಕೆಯನ್ನೂ ತೆಗೆದುಹಾಕಿ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು ಸುಮಾರು 20 ವರ್ಷವಾಯಿತು. ಈಗ ತೋಳಿಗೆ ಕೆಲವೇ ಸಣ್ಣ ಚುಚ್ಚು.

ಕಚ್ಚಿದ ತಕ್ಷಣ ನಲ್ಲಿಯ ಕೆಳಗೆ ಗಾಯ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಬಟ್ಟೆ ಸೋಪಾದರೂ ಪರವಾಗಿಲ್ಲ. 15 ನಿಮಿಷ ಅಂದರೆ ತುಂಬಾ ಹೊತ್ತು, ಗಡಿಯಾರ ನೋಡಿಕೊಂಡೇ ತೊಳೆಯಿರಿ. ವೈರಸ್ ಅನ್ನು ಅಲ್ಲೇ ತಗ್ಗಿಸಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ ಏನನ್ನೂ ಮೆತ್ತಬೇಡಿ. ನಾಟಿ ಔಷಧಿ, ಮಂತ್ರ ಅಂತ ಒಂದು ದಿನವನ್ನೂ ಕಳೆಯಬೇಡಿ.

ಆಮೇಲೆ ನೇರ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ರಕ್ತ ಬಂದಿದ್ದರೆ ಬರೀ ಲಸಿಕೆ ಸಾಲದು, ಗಾಯದ ಸುತ್ತಲೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಕೂಡ ಬೇಕು. ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ. ಧನುರ್ವಾಯುವಿನ ಚುಚ್ಚುಮದ್ದು ಬೇಕಾ ಅಂತಲೂ ಕೇಳಿ. ಕಚ್ಚಿದ್ದು ಗುರುತಿನ ನಾಯಿಯಾಗಿದ್ದರೆ ಅದನ್ನು ಕೊಲ್ಲಬೇಡಿ, ಓಡಿಸಬೇಡಿ. 10 ದಿನ ಅದರ ಮೇಲೆ ಕಣ್ಣಿಡಿ, ಏನಾದರೂ ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸಿ. ಹಾಗಂತ ಆ 10 ದಿನ ಇಂಜೆಕ್ಷನ್‌ಗೆ ಕಾಯಬಾರದು. ಕಚ್ಚಿದ ಗಾಯ ಹಳೆಯದಾಗಿದ್ದರೂ, ನಮ್ಮ ಹಾಗೆ ಮೂರು ದಿನ ಆಗಿದ್ದರೂ, ಹೋಗಿ. ತಡವಾಯಿತು ಅಂತ ಮನೆಯಲ್ಲಿ ಕೂರಬೇಡಿ.

ಮೊದಲ ಡೋಸ್ ಕೊಟ್ಟ ದಿನವನ್ನು 0 ಅಂತ ಎಣಿಸುತ್ತಾರೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಮಾಂಸಕ್ಕೆ ಕೊಡುವುದಾದರೆ 0, 3, 7, 14, 28. ಮೊದಲ ಮೂರಕ್ಕೆ ಎಲ್ಲರೂ ಹೋಗುತ್ತಾರೆ. ಗಾಯ ಮಾಯ್ದು ಮಗು ಆಡಿಕೊಂಡಿರುವಾಗ 28ನೇ ದಿನ ಮರೆತುಹೋಗುತ್ತದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕೂ ದಿನಕ್ಕೆ ಕೆಂಪು ಸುತ್ತು ಹಾಕಿಸಿದ್ದೆ, ಮಗಳ ಕೈಯಿಂದಲೇ. ಒಂದೊಂದು ಮುಗಿದಾಗಲೂ ಅವಳೇ ಟಿಕ್ ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಇಟ್ಟಿದ್ದೇನೆ. ಮುಂದೆ ಯಾವಾಗಲಾದರೂ ಮತ್ತೆ ಕಚ್ಚಿದರೆ, ಹಿಂದೆ ಪೂರ್ತಿ ಲಸಿಕೆ ಆಗಿದೆ ಅನ್ನುವುದಕ್ಕೆ ಅದೇ ದಾಖಲೆ. ಆಗ ಎರಡು ಡೋಸ್ ಸಾಕಾಗುತ್ತದೆ.